ಜೀವಕೋಶದ ಬಾಗಿಲು

ನಾನು ಕನ್ನಡದ ಮೇಷ್ಟ್ರು. ಮೂವತ್ತನಾಲ್ಕು ವರ್ಷ ಹಳಗನ್ನಡ ಕಾವ್ಯ, ಛಂದಸ್ಸು, ವ್ಯಾಕರಣ ಇವುಗಳನ್ನು ಪಾಠ ಹೇಳಿ ನಿವೃತ್ತನಾದವನು. ಅಂಥವನು ಜೀವವಿಜ್ಞಾನದ ವಿಷಯವಾಗಿ ಮಾತನಾಡಲು ಹೊರಟಿರುವುದು ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯ ತರಬಹುದು. ನನ್ನ ಹಳೆಯ ಸಹೋದ್ಯೋಗಿಗಳಿಗಂತೂ ನಗುವೇ ಬರಬಹುದು. ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು ಒಂದು ಶಬ್ದ. ಎರಡನೆಯದನ್ನು ಸ್ವಲ್ಪ ತಡೆದು ಹೇಳುತ್ತೇನೆ.

ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಗೆಳೆಯರೊಬ್ಬರು ಒಮ್ಮೆ ನನ್ನ ಕೊಠಡಿಗೆ ಬಂದು, 'ರಿಸೆಪ್ಟರ್' ಎಂಬುದಕ್ಕೆ ಕನ್ನಡದಲ್ಲಿ ಏನೆನ್ನೋಣ ಎಂದು ಕೇಳಿದರು. 'ಗ್ರಾಹಕ' ಎಂದೆ. ಅವರು ನಕ್ಕುಬಿಟ್ಟರು. "ಗ್ರಾಹಕರ ಗಮನಕ್ಕೆ ಎಂದು ಬ್ಯಾಂಕಿನಲ್ಲಿ ಬರೆದು ಹಾಕಿರುತ್ತಾರಲ್ಲ ಸಾರ್, ಆ ಗ್ರಾಹಕವೇ?" ಎಂದರು. ಹೌದು, ಆ ಗ್ರಾಹಕವೇ. 'ಗ್ರಹ್' ಎಂಬ ಧಾತುವಿಗೆ ಹಿಡಿ, ತೆಗೆದುಕೊ, ತಿಳಿ ಎಂದು ಹಲವು ಅರ್ಥ. ಪಾಣಿಗ್ರಹಣದಲ್ಲಿ ಹಿಡಿಯುವುದು ಕೈಯನ್ನು. ಕಾವ್ಯವನ್ನು ಗ್ರಹಿಸುವಾಗ ಹಿಡಿಯುವುದು ಅರ್ಥವನ್ನು. ಜೀವಕೋಶದ ಮೈಮೇಲೆ ಕುಳಿತು, ರಕ್ತದಲ್ಲಿ ಹಾಯುವ ನೂರು ಬಗೆಯ ಪದಾರ್ಥಗಳಲ್ಲಿ ತನಗೆ ಬೇಕಾದ ಒಂದನ್ನೇ ಗುರುತಿಸಿ ಹಿಡಿಯುವ ಪ್ರೋಟೀನಿಗೆ ಇದಕ್ಕಿಂತ ಒಪ್ಪುವ ಹೆಸರು ನನಗಂತೂ ತೋಚಲಿಲ್ಲ. ಆ ದಿನ ಗೆಳೆಯರು ಶಬ್ದವನ್ನು ಒಯ್ದರು. ಹೋಗುವಾಗ ಒಂದು ಪುಸ್ತಕವನ್ನು ನನ್ನ ಮೇಜಿನ ಮೇಲೆ ಬಿಟ್ಟುಹೋದರು. ಅದರಲ್ಲಿ ಓದಿದ ಇಬ್ಬರ ಕಥೆ ಇಂದಿನ ನನ್ನ ವಿಷಯ. ಒಬ್ಬರು ಮೈಕೆಲ್ ಬ್ರೌನ್, ಇನ್ನೊಬ್ಬರು ಜೋಸೆಫ್ ಗೋಲ್ಡ್‌ಸ್ಟೈನ್. ಇಬ್ಬರೂ ಅಮೆರಿಕದವರು, ಇಬ್ಬರೂ ವೈದ್ಯರು. ಅಮೆರಿಕದ ಡಲ್ಲಾಸ್ ನಗರದಲ್ಲಿ ಒಂದೇ ಪ್ರಯೋಗಶಾಲೆಯನ್ನು ಐವತ್ತು ವರ್ಷಗಳಿಗೂ ಮೀರಿ ಜೊತೆಯಲ್ಲಿ ನಡೆಸಿದವರು.

ಈಗ ಎರಡನೆಯ ಕಾರಣ. ನನಗಿಂತ ಹದಿನೈದು ವರ್ಷ ದೊಡ್ಡವರಾದ ನನ್ನ ಅಣ್ಣ 1983ರಲ್ಲಿ, ತಮ್ಮ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಎದೆನೋವು ಬಂದು ಒಂದೇ ರಾತ್ರಿಯಲ್ಲಿ ತೀರಿಕೊಂಡರು. ಬೀಡಿ ಸಿಗರೇಟು ಮುಟ್ಟಿದವರಲ್ಲ. ಮೈ ದಪ್ಪವೂ ಅಲ್ಲ. ಅವರ ಬೆರಳುಗಳ ಗೆಣ್ಣಿನ ಮೇಲೆ ಗಟ್ಟಿಯಾದ ಗಂಟುಗಳಿದ್ದುವು. ಹಿಮ್ಮಡಿಯ ಹಿಂದಿನ ನರ ಎಷ್ಟು ದಪ್ಪವಾಗಿತ್ತೆಂದರೆ ಚಪ್ಪಲಿಯ ಹಿಂಬದಿಯ ಪಟ್ಟಿ ಒತ್ತುತ್ತದೆಂದು ಅದನ್ನು ಕತ್ತರಿಸಿ ಹಾಕಿಕೊಳ್ಳುತ್ತಿದ್ದರು. ಅದಕ್ಕೂ ಎದೆನೋವಿಗೂ ಸಂಬಂಧವಿದ್ದೀತೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಸಂಬಂಧ ಕಲ್ಪಿಸಿದ್ದು ತುಪ್ಪಕ್ಕೆ. 'ದಿನಾ ತುಪ್ಪ ಸುರಿದು ಸುರಿದು ಬಡಿಸಿದಳು' ಎಂದು ಯಾರೋ ನೆಂಟರು ಹನ್ನೊಂದನೆಯ ದಿನವೇ ಆಡಿದ ಮಾತು ಮನೆಯಲ್ಲಿ ಉಳಿದುಬಿಟ್ಟಿತು. ಮೂವತ್ಮೂರು ವರ್ಷದ ಅತ್ತಿಗೆ ಅದನ್ನು ಕೇಳಿಯೂ ಕೇಳದವರಂತೆ ಇದ್ದರು. ಅದೇ ಪಂಕ್ತಿಯಲ್ಲಿ ಕುಳಿತು ಅದೇ ತುಪ್ಪವನ್ನು ಉಂಡವನು ನಾನು. ಅರುವತ್ತಾರು ಕಳೆದು ಈಗಲೂ ಗಟ್ಟಿಯಾಗಿದ್ದೇನೆ. ಈ ಸರಳವಾದ ಪ್ರಶ್ನೆಯನ್ನು ಆಗ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕೊಲೆಸ್ಟರಾಲ್ ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಅದು ವಿಷವೆಂದೇ ಹಲವರ ಭಾವನೆ. ವಾಸ್ತವವಾಗಿ ಅದಿಲ್ಲದೆ ನಾವಿಲ್ಲ. ಮೇಣದಂಥ ಈ ಪದಾರ್ಥ ನಮ್ಮ ಪ್ರತಿಯೊಂದು ಜೀವಕೋಶದ ಪೊರೆಯಲ್ಲಿದೆ. ಪಿತ್ತರಸದ ಆಮ್ಲಗಳು, ಗಂಡು ಹೆಣ್ಣುಗಳ ಹಾರ್ಮೋನುಗಳು ಇದರಿಂದಲೇ ಆಗುವುವು. ತಿನ್ನುವ ಆಹಾರದಿಂದ ಬರುವುದು ಇದರ ಒಂದು ಪಾಲು ಮಾತ್ರ. ಹೆಚ್ಚಿನ ಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಆದರೆ ಇದು ನೀರಿನಲ್ಲಿ ಕರಗದು, ರಕ್ತವೋ ಬಹುಪಾಲು ನೀರು. ಆದ್ದರಿಂದ ದೇಹ ಇದನ್ನು ಪೊಟ್ಟಣ ಕಟ್ಟಿ ಸಾಗಿಸುತ್ತದೆ. ಎಲ್.ಡಿ.ಎಲ್. ಎಂದು ರಕ್ತಪರೀಕ್ಷೆಯ ಚೀಟಿಯಲ್ಲಿ ಬರೆದುಕೊಡುತ್ತಾರಲ್ಲ, ಅದು ಅಂಥ ಒಂದು ಪೊಟ್ಟಣ. ಅದರ ಒಡಲಲ್ಲಿ ಕೊಲೆಸ್ಟರಾಲಿನ ಸುಮಾರು 1500 ಅಣುಗಳು, ಸುತ್ತ ತೆಳುವಾದ ಹೊದಿಕೆ, ಹೊದಿಕೆಗೆ ಸುತ್ತಿಕೊಂಡಂತೆ ಒಂದೇ ಒಂದು ದೊಡ್ಡ ಪ್ರೋಟೀನು. ಆ ಪ್ರೋಟೀನೇ ಪೊಟ್ಟಣದ ವಿಳಾಸ ಎನ್ನಬಹುದು.

ಕೆಲವು ವಂಶಗಳಲ್ಲಿ ರಕ್ತದ ಕೊಲೆಸ್ಟರಾಲ್ ತಲೆತಲಾಂತರವಾಗಿ ಮೇಲಿರುವುದನ್ನೂ, ಅಂಥವರ ನರಗಳ ಮೇಲೆ ಗಂಟುಗಳೇಳುವುದನ್ನೂ, ಅವರು ಎಳೆಯ ವಯಸ್ಸಿನಲ್ಲಿಯೇ ಹೃದ್ರೋಗಕ್ಕೆ ತುತ್ತಾಗುವುದನ್ನೂ ನಾರ್ವೆ ದೇಶದ ಕಾರ್ಲ್ ಮುಲ್ಲರ್ ಎಂಬ ವೈದ್ಯರು 1930ರ ದಶಕದ ಕೊನೆಯಲ್ಲಿಯೇ ವಿವರಿಸಿದ್ದರು. ಲೆಬನಾನಿನ ಬೈರೂತಿನಲ್ಲಿದ್ದ ಖಚದೂರಿಯನ್ ಎಂಬ ವೈದ್ಯರು 1964ರಲ್ಲಿ ಇನ್ನೊಂದು ಸಂಗತಿಯನ್ನು ಸ್ಪಷ್ಟಪಡಿಸಿದರು. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ದೋಷ ಬಂದರೆ ರೋಗ ಮೂವತ್ತು ನಲವತ್ತರ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಇಬ್ಬರಿಂದಲೂ ಬಂದರೆ ಮಗುವಾಗಿರುವಾಗಲೇ. ಅವರು ನೋಡಿದ ಅನೇಕ ಕುಟುಂಬಗಳಲ್ಲಿ ಬಂಧುಗಳೊಳಗೇ ಮದುವೆಯಾಗಿತ್ತು. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಕಡೆಯ ಪದ್ಧತಿಯಲ್ಲಿಯೂ ಇದೇ ಅಪಾಯ ಇದ್ದೇ ಇದೆ. ಒಂದೇ ವಂಶದ ಒಂದೇ ದೋಷ ಎರಡು ದಾರಿಯಿಂದ ಬಂದು ಒಂದು ಮಗುವಿನಲ್ಲಿ ಸೇರುವ ಸಂಭವ ಅಲ್ಲಿ ಹೆಚ್ಚು. ಇಷ್ಟು ಗೊತ್ತಿದ್ದರೂ, ದೋಷ ದೇಹದ ಯಾವ ಮೂಲೆಯಲ್ಲಿದೆ ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಗೋಲ್ಡ್‌ಸ್ಟೈನ್ ಹುಟ್ಟಿದ್ದು 1940ರಲ್ಲಿ, ದಕ್ಷಿಣ ಕೆರೊಲಿನಾದಲ್ಲಿ. ಬ್ರೌನ್ 1941ರಲ್ಲಿ, ನ್ಯೂಯಾರ್ಕಿನಲ್ಲಿ. ವೈದ್ಯವಿದ್ಯೆ ಮುಗಿಸಿ 1966ರಲ್ಲಿ ಬಾಸ್ಟನ್ನಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ತರಬೇತಿಗೆ ಸೇರಿದಾಗ ಪರಸ್ಪರ ಪರಿಚಯವಾಯಿತು. 1968ರಲ್ಲಿ ಇಬ್ಬರೂ ವಾಷಿಂಗ್ಟನ್ ಬಳಿಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಹೋದರು. ಅಲ್ಲಿ ಇನ್ನೂ ಹತ್ತು ವರ್ಷ ತುಂಬದ ಅಣ್ಣ ತಂಗಿಯರಿಬ್ಬರನ್ನು ನೋಡಿದರು. ಇಬ್ಬರಿಗೂ ಆಗಲೇ ಹೃದಯಾಘಾತವಾಗಿತ್ತು. ಅವರ ರಕ್ತದ ಕೊಲೆಸ್ಟರಾಲ್ ಸಾಮಾನ್ಯ ಮಕ್ಕಳಲ್ಲಿರುವುದಕ್ಕಿಂತ ಅನೇಕ ಪಟ್ಟು ಹೆಚ್ಚು. ಲಕ್ಷದಲ್ಲಿ ಒಬ್ಬರಿಗಲ್ಲ, ಹತ್ತು ಲಕ್ಷದಲ್ಲಿ ಒಬ್ಬರಿಗೆ ಬರುವುದೆಂದು ಆಗ ಎಣಿಸಿದ್ದ ಸ್ಥಿತಿ ಅದು. ಇಷ್ಟು ಅಪರೂಪದ ರೋಗವನ್ನು ಕಟ್ಟಿಕೊಂಡು ಏನಾಗಬೇಕು ಎಂದು ಬೇರೆಯವರು ಮುಂದೆ ಸಾಗಿದ್ದರೆ ತಪ್ಪು ಹೇಳುವಂತಿರಲಿಲ್ಲ. ಇವರು ಸಾಗಲಿಲ್ಲ. ಮುಪ್ಪಿನಲ್ಲಿ ಹತ್ತಾರು ಕಾರಣಗಳು ಕೂಡಿ ಬರುವ ಹೃದ್ರೋಗವನ್ನು ಬಿಡಿಸಿ ನೋಡುವುದು ಕಷ್ಟ. ಈ ಮಕ್ಕಳಲ್ಲಾದರೋ ಕಾರಣ ಒಂದೇ ಇರಬೇಕು, ಏಕೆಂದರೆ ಅವರು ಇನ್ನೂ ಬದುಕಿನಲ್ಲಿ ಬೇರೇನನ್ನೂ ಮಾಡಿಲ್ಲ. ಅವರ ಯೋಚನೆಯ ದಾರಿ ಹೀಗಿತ್ತು.

1972ರ ಹೊತ್ತಿಗೆ ಇಬ್ಬರೂ ಡಲ್ಲಾಸಿನ ವೈದ್ಯಕೀಯ ವಿದ್ಯಾಲಯವನ್ನು ಸೇರಿದ್ದರು. ಕೊಲೆಸ್ಟರಾಲಿನ ತಯಾರಿಕೆ ಎಷ್ಟು ನಡೆಯಬೇಕೆಂಬುದನ್ನು ನಿರ್ಧರಿಸುವ ಒಂದು ಕಿಣ್ವವಿದೆ. ಅದರ ಪೂರ್ಣ ನಾಮಧೇಯ ನಮ್ಮ ಚಂಪೂ ಕವಿಗಳ ಸಮಾಸಗಳನ್ನು ನಾಚಿಸುವಂಥದು. 'ರಿಡಕ್ಟೇಸ್' ಎಂದಷ್ಟೇ ಹೇಳಿ ಮುಂದುವರಿಯುತ್ತೇನೆ. ಅವರ ಪ್ರಯೋಗ ಕೇಳಲು ಸುಲಭ. ಮನುಷ್ಯನ ಚರ್ಮದ ಚೂರನ್ನು ತೆಗೆದು, ಅದರ ಜೀವಕೋಶಗಳನ್ನು ಗಾಜಿನ ಬಟ್ಟಲಿನಲ್ಲಿ ಬೆಳೆಸಿದರು. ಕೋಶಗಳಿಗೆ ಉಣ್ಣಿಸುವ ದ್ರವದಲ್ಲಿ ಎಲ್.ಡಿ.ಎಲ್. ಇದ್ದಾಗ ರಿಡಕ್ಟೇಸ್ ಸುಮ್ಮನಿರುತ್ತಿತ್ತು. ಅದನ್ನು ತೆಗೆದುಬಿಟ್ಟರೆ ಕೋಶ ತಾನೇ ಕೊಲೆಸ್ಟರಾಲನ್ನು ತಯಾರಿಸತೊಡಗುತ್ತಿತ್ತು. ಮತ್ತೆ ಹಾಕಿದರೆ ಮತ್ತೆ ಸುಮ್ಮನೆ. ಹೊರಗಿನಿಂದ ದಿನಸಿ ಬಂದರೆ ಮನೆಯಲ್ಲಿ ಬೀಸುಕಲ್ಲು ನಿಲ್ಲುವ ಹಾಗೆ.

ರೋಗಿಗಳಾದ ಮಕ್ಕಳ ಚರ್ಮದ ಕೋಶಗಳಲ್ಲಿ ಬೀಸುಕಲ್ಲು ನಿಲ್ಲಲೇ ಇಲ್ಲ. ಎಷ್ಟೇ ಎಲ್.ಡಿ.ಎಲ್. ಹಾಕಿದರೂ ರಿಡಕ್ಟೇಸಿನ ಚಟುವಟಿಕೆ ಸಾಮಾನ್ಯ ಕೋಶಗಳಿಗಿಂತ 40ರಿಂದ 60 ಪಟ್ಟು ಹೆಚ್ಚು. ಇದು 1973ರ ಮಾತು. ಸಿಕ್ಕಿತು ಎಂದುಕೊಂಡರು: ಕಿಣ್ವದ ವಂಶವಾಹಿಯೇ ಕೆಟ್ಟಿದೆ, ನಿಲ್ಲು ಎಂದರೆ ನಿಲ್ಲಲು ಅದಕ್ಕೆ ಬರುವುದಿಲ್ಲ. ಹೊಂದಿಕೆಯಾಗುವ ಊಹೆ, ಬಹಳ ಜನ ಇಲ್ಲಿಗೇ ಲೇಖನಿಯನ್ನು ಕೆಳಗಿಡುತ್ತಿದ್ದರು. ಆದರೆ ಇವರು ಇನ್ನೊಂದು ಪ್ರಯೋಗ ಮಾಡಿದರು. ನನ್ನ ಮಟ್ಟಿಗೆ ಇಡೀ ಕಥೆಯ ಜೀವ ಇರುವುದು ಇಲ್ಲಿಯೇ. ಪೊಟ್ಟಣವನ್ನು ಬಿಟ್ಟು, ಬರಿಯ ಕೊಲೆಸ್ಟರಾಲನ್ನು ಮದ್ಯಸಾರದಲ್ಲಿ ಕರಗಿಸಿ ಬಟ್ಟಲಿಗೆ ಬಿಟ್ಟರು. ಮದ್ಯಸಾರದಲ್ಲಿ ಕರಗಿದ ಕೊಲೆಸ್ಟರಾಲಿಗೆ ಬಾಗಿಲು ಬೇಡ. ಗೋಡೆಯ ಮೂಲಕವೇ ಒಳಗೆ ನುಸುಳಬಲ್ಲದು. ಕ್ಷಣದಲ್ಲಲ್ಲದಿದ್ದರೂ ಕೆಲವು ಗಂಟೆಗಳಲ್ಲಿ ರೋಗಿಯ ಕೋಶದ ರಿಡಕ್ಟೇಸ್ ಆರೋಗ್ಯವಂತನ ಕೋಶದಲ್ಲಿ ಹೇಗೋ ಹಾಗೆಯೇ ಇಳಿಯಿತು!

ಎಂದರೆ ಕಿಣ್ವ ನಿರಪರಾಧಿ. ನಿಲ್ಲು ಎಂದರೆ ನಿಲ್ಲಲು ಅದಕ್ಕೆ ಚೆನ್ನಾಗಿ ಬರುತ್ತದೆ. ನಿಲ್ಲು ಎಂಬ ಮಾತು ಅದಕ್ಕೆ ತಲುಪುತ್ತಿಲ್ಲ, ಅಷ್ಟೆ. ಮನೆಯ ಹೊರಗೆ ದಿನಸಿಯ ಮೂಟೆಗಳು ಬೀದಿ ತುಂಬ ಬಿದ್ದಿವೆ, ಒಳಗಿರುವವರಿಗೆ ಕ್ಷಾಮ. ಹಾಗಾದರೆ ಬಾಗಿಲನ್ನು ನೋಡಬೇಕು. ಎಲ್.ಡಿ.ಎಲ್. ಕಣಗಳಿಗೆ ವಿಕಿರಣ ಸೂಸುವ ಅಯೋಡಿನನ್ನು ಅಂಟಿಸಿ, ಅವು ಎಲ್ಲಿ ಹೋಗುತ್ತವೆಂದು ಬೆನ್ನುಹತ್ತಿದರು. ಆರೋಗ್ಯವಂತರ ಕೋಶಗಳು ಕಣಗಳನ್ನು ಗಟ್ಟಿಯಾಗಿ ಹಿಡಿದುಕೊಂಡುವು. ಆ ಮಕ್ಕಳ ಕೋಶಗಳು ಹಿಡಿಯಲೇ ಇಲ್ಲ. ಒಬ್ಬರೇ ಪೋಷಕರಿಂದ ದೋಷ ಪಡೆದವರ ಕೋಶಗಳು ಹಿಡಿದದ್ದು ಸುಮಾರು ಅರ್ಧದಷ್ಟು. 1974ರಲ್ಲಿ ಇದು ಪ್ರಕಟವಾಯಿತು. ಎಲ್.ಡಿ.ಎಲ್. ಗ್ರಾಹಕ ಪತ್ತೆಯಾದದ್ದು ಹೀಗೆ, ಅದು ಇಲ್ಲದವರ ಮೂಲಕ.

ಹಿಡಿದ ಮೇಲೆ ಏನಾಗುತ್ತದೆ? ಅವರ ಸಹೋದ್ಯೋಗಿ ರಿಚರ್ಡ್ ಆಂಡರ್ಸನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಂತೆ, ಕೋಶದ ಮೇಲ್ಮೈಯಲ್ಲಿ ಅಲ್ಲಲ್ಲಿ ಸಣ್ಣ ಗುಳಿಗಳಿರುತ್ತವೆ. ಗ್ರಾಹಕಗಳೆಲ್ಲ ಬಂದು ಅಲ್ಲಿ ನೆರೆಯುತ್ತವೆ. ಗುಳಿ ಒಳಕ್ಕೆ ಮಡಿಚಿ, ಬಾಯಿ ಮುಚ್ಚಿ, ಚೀಲವಾಗಿ ಒಳಗೆ ಸಾಗುತ್ತದೆ. ಅಲ್ಲಿ ಗ್ರಾಹಕ ತನ್ನ ಹೊರೆಯನ್ನು ಇಳಿಸಿ ಬರಿಗೈಯಲ್ಲಿ ಮತ್ತೆ ಮೇಲಕ್ಕೆ ಬರುತ್ತದೆ; ಸುಮಾರು ಹತ್ತು ನಿಮಿಷಕ್ಕೊಂದು ಸುತ್ತು. ಹೊರೆ ಜೀರ್ಣವಾಗಿ ಕೊಲೆಸ್ಟರಾಲ್ ಬಿಡುಗಡೆಯಾಗುತ್ತದೆ. ಒಬ್ಬ ರೋಗಿಯಲ್ಲಿ ವಿಚಿತ್ರವೊಂದು ಕಂಡಿತು. ಅವನ ಗ್ರಾಹಕಗಳು ಕಣವನ್ನು ಸರಿಯಾಗಿಯೇ ಹಿಡಿಯುತ್ತಿದ್ದುವು, ಆದರೆ ಗುಳಿಗೆ ಬಂದು ಸೇರುತ್ತಿರಲಿಲ್ಲ; ಹೊರೆ ಹೊತ್ತು ಜಗುಲಿಯಲ್ಲೇ ನಿಂತುಬಿಡುತ್ತಿದ್ದುವು. ಗ್ರಾಹಕವು 839 ಅಮೈನೋ ಆಮ್ಲಗಳ ಸರಪಳಿ. ಅದರಲ್ಲಿ ಒಂದೇ ಒಂದು ಬದಲಾಗಿತ್ತೆಂದು ಮುಂದೆ ತಿಳಿದುಬಂತು. ಹಸ್ತಪ್ರತಿಯಲ್ಲಿ ಲಿಪಿಕಾರನ ಒಂದಕ್ಷರದ ಸ್ಖಾಲಿತ್ಯಕ್ಕೆ ಇಡೀ ಪದ್ಯದ ಅರ್ಥ ಕೆಟ್ಟುದನ್ನು ತರಗತಿಯಲ್ಲಿ ಎಷ್ಟೋ ಸಲ ತೋರಿಸಿದ ನನಗೆ, ಇದನ್ನು ಓದಿದಾಗ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಡಬೇಕೆನ್ನಿಸಿತು.

ಚರ್ಮದ ಕೋಶದಲ್ಲಿ ಕಂಡದ್ದು ದೇಹದಲ್ಲಿಯೂ ನಿಜವೆ? ರಕ್ತದಿಂದ ಎಲ್.ಡಿ.ಎಲ್. ಕಣಗಳನ್ನು ಸೆಳೆದುಕೊಳ್ಳುವ ಗ್ರಾಹಕಗಳು ಅತಿ ಹೆಚ್ಚಾಗಿರುವುದು ಯಕೃತ್ತಿನಲ್ಲಿ, ಎಂದರೆ ಪಿತ್ತಜನಕಾಂಗದಲ್ಲಿ. 1984ರ ಫೆಬ್ರವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಶಸ್ತ್ರವೈದ್ಯ ಥಾಮಸ್ ಸ್ಟಾರ್ಜ್ಲ್ ಅವರ ತಂಡ ಈ ರೋಗದಿಂದ ಸಾಯುವ ಸ್ಥಿತಿಯಲ್ಲಿದ್ದ ಆರು ವರ್ಷದ ಹುಡುಗಿಯೊಬ್ಬಳಿಗೆ ಹೃದಯದ ಜೊತೆಗೆ ಯಕೃತ್ತನ್ನೂ ಬದಲಿಸಿತು. ಅವಳ ಊಟ ಬದಲಾಗಿದ್ದರಿಂದಲ್ಲ, ಗ್ರಾಹಕಗಳಿರುವ ಯಕೃತ್ತು ಬಂದದ್ದರಿಂದ ಕೊಲೆಸ್ಟರಾಲ್ ಸಾವಿರದ ಮೇಲಿನಿಂದ ಮುನ್ನೂರರ ಆಸುಪಾಸಿಗೆ ಇಳಿಯಿತು. ಆ ಮಗು ಆರು ವರ್ಷ ಬದುಕಿತು. ಅದು ಕಡಿಮೆಯೆಂದು ನಮಗೆ ತೋರಬಹುದು. ಅವಳ ಪಾಲಿಗೆ ಅದು ಆಯುಸ್ಸು ಇಮ್ಮಡಿಯಾದಂತೆ.

1985ರಲ್ಲಿ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಇಲ್ಲಿ ನಾನು ಇನ್ನೊಬ್ಬರ ಹೆಸರನ್ನು ಹೇಳದಿದ್ದರೆ ಅನ್ಯಾಯವಾದೀತು. ಜಪಾನಿನ ಅಕಿರಾ ಎಂಡೊ ರೈತರ ಮನೆಯಲ್ಲಿ ಹುಟ್ಟಿ, ಎಳವೆಯಿಂದಲೂ ಅಣಬೆ ಬೂಷ್ಟುಗಳಲ್ಲಿ ಆಸಕ್ತಿ ಬೆಳೆಸಿಕೊಂಡವರು. ಟೋಕಿಯೋದ ಔಷಧ ಕಂಪೆನಿಯೊಂದರಲ್ಲಿ ಕೆಲಸಕ್ಕಿದ್ದಾಗ ಅವರಿಗೊಂದು ಯೋಚನೆ ಹೊಳೆಯಿತು: ಬೂಷ್ಟುಗಳು ತಮ್ಮ ಶತ್ರುಗಳನ್ನು ಹತ್ತಿಕ್ಕಲು ರಿಡಕ್ಟೇಸನ್ನು ತಡೆಯುವ ಪದಾರ್ಥವನ್ನು ಉತ್ಪಾದಿಸುತ್ತಿರಬಹುದೆ? ಸುಮಾರು 6000 ಬೂಷ್ಟುಗಳನ್ನು ಒಂದೊಂದಾಗಿ ಪರೀಕ್ಷಿಸಿ 1973ರಲ್ಲಿ, ಪೆನಿಸಿಲಿನ್ನಿನ ಕುಲಕ್ಕೇ ಸೇರಿದ ಒಂದು ನೀಲಿ ಹಸಿರು ಬೂಷ್ಟಿನಲ್ಲಿ ಅದನ್ನು ಕಂಡುಕೊಂಡರು. ಇಲಿಗಳಿಗೆ ಕೊಟ್ಟರೆ ಪರಿಣಾಮವೇ ಆಗಲಿಲ್ಲ. ಅಲ್ಲಿಗೆ ಮುಗಿಯಬೇಕಾಗಿದ್ದ ಕಥೆ, ಸಹೋದ್ಯೋಗಿಯೊಬ್ಬರು ಸಾಕಿದ್ದ ಮೊಟ್ಟೆಯಿಡುವ ಕೋಳಿಗಳ ದೆಸೆಯಿಂದ ಉಳಿಯಿತು. ಕೋಳಿಗಳ ಕೊಲೆಸ್ಟರಾಲ್ ಇಳಿಯಿತು.

ಆ ಔಷಧದ ಸುದ್ದಿ ತಿಳಿದು ಡಲ್ಲಾಸಿನವರು ಎಂಡೊ ಅವರಿಂದ ಸ್ವಲ್ಪ ತರಿಸಿಕೊಂಡರು. ಅದು ಕೆಲಸ ಮಾಡುವ ಬಗೆ ಹೀಗೆ. ಔಷಧ ಯಕೃತ್ತಿನಲ್ಲಿ ಬೀಸುಕಲ್ಲನ್ನು ತಡೆಯುತ್ತದೆ. ಒಳಗೆ ಕೊರತೆಯಾಗುತ್ತದೆ. ಕೊರತೆಯನ್ನು ಕಂಡ ಕೋಶ ಹೊರಗಿನದನ್ನಾದರೂ ತಂದುಕೊಳ್ಳೋಣವೆಂದು ಇನ್ನಷ್ಟು ಬಾಗಿಲುಗಳನ್ನು, ಎಂದರೆ ಗ್ರಾಹಕಗಳನ್ನು, ಹೊರಗೆ ನಿಲ್ಲಿಸುತ್ತದೆ. ಅವು ರಕ್ತದ ಎಲ್.ಡಿ.ಎಲ್. ಕಣಗಳನ್ನು ಸೆಳೆದುಕೊಂಡು ಬೀದಿಯನ್ನು ತೆರವು ಮಾಡುತ್ತವೆ. ರಕ್ತದಲ್ಲಿ ಕೊಲೆಸ್ಟರಾಲ್ ಇಳಿಯುವುದು ಮುಖ್ಯವಾಗಿ ತಯಾರಿಕೆ ನಿಂತದ್ದರಿಂದಲ್ಲ, ಬಾಗಿಲುಗಳು ಹೆಚ್ಚಿದ್ದರಿಂದ. ಒಬ್ಬರೇ ಪೋಷಕರಿಂದ ದೋಷ ಬಂದವರಲ್ಲಿ ಅರ್ಧದಷ್ಟಾದರೂ ಸರಿಯಾದ ಗ್ರಾಹಕಗಳಿರುತ್ತವಲ್ಲ, ಅವನ್ನು ಹೀಗೆ ಹೆಚ್ಚಿಸಬಹುದು. ಎರಡೂ ಕಡೆಯಿಂದ ದೋಷ ಬಂದು, ಗ್ರಾಹಕವೇ ಇಲ್ಲದ ಮಕ್ಕಳಿಗೆ ಇದರಿಂದ ಪ್ರಯೋಜನ ಕಡಿಮೆ. ಯಾವ ಮಕ್ಕಳಿಂದ ಈ ವಿದ್ಯೆ ಲಭಿಸಿತೋ ಆ ಮಕ್ಕಳಿಗೇ ಅದು ಒದಗಲಿಲ್ಲವೆಂಬುದು ನನಗೆ ಇಂದಿಗೂ ನೋವಿನ ಸಂಗತಿ. ಈಚಿನ ವರ್ಷಗಳಲ್ಲಿ ಅವರಿಗೂ ಬೇರೆ ಬಗೆಯ ಔಷಧಗಳು ಬಂದಿವೆ.

ಈ ವರ್ಗದ ಔಷಧಗಳಿಗೆ ಸ್ಟ್ಯಾಟಿನ್ ಎಂದು ಹೆಸರು. ಅಮೆರಿಕದಲ್ಲಿ ಮೊದಲನೆಯದಕ್ಕೆ ಅನುಮತಿ ದೊರೆತದ್ದು 1987ರಲ್ಲಿ. ಪ್ರಾಣ ಉಳಿಸುತ್ತದೆಯೋ ಇಲ್ಲವೋ ಎಂಬ ಚರ್ಚೆ ಮತ್ತೂ ಏಳು ವರ್ಷ ನಡೆಯಿತು. 1994ರಲ್ಲಿ, ಹೃದ್ರೋಗವಿದ್ದ 4444 ಮಂದಿಯ ಮೇಲೆ ಸ್ಕ್ಯಾಂಡಿನೇವಿಯದ ದೇಶಗಳಲ್ಲಿ ನಡೆಸಿದ ಪರೀಕ್ಷೆಯ ಫಲ ಹೊರಬಂದು, ಔಷಧ ಪಡೆದವರಲ್ಲಿ ಸಾವು ಶೇಕಡ 30ರಷ್ಟು ಕಡಿಮೆಯಾಗಿದೆಯೆಂದು ತಿಳಿದ ಮೇಲೆ ಅನುಮಾನ ತೀರಿತು. ಎಂಡೊ ಅವರಿಗೆ ಅನೇಕ ಗೌರವಗಳು ಸಂದುವು, ನೊಬೆಲ್ ಬರಲಿಲ್ಲ. 2024ರ ಜೂನಿನಲ್ಲಿ, ತೊಂಬತ್ತು ವರ್ಷದವರಾಗಿ, ತೀರಿಕೊಂಡರು.

ನೊಬೆಲ್ ಬಂದ ಮೇಲೆ ಸಭೆಗಳ ಅಧ್ಯಕ್ಷತೆಯಲ್ಲಿ ಕಾಲ ಕಳೆಯುವುದು ನಮ್ಮಲ್ಲಿ ಮಾತ್ರವಲ್ಲ, ಎಲ್ಲ ಕಡೆಯೂ ಇರುವ ಅಪಾಯವೇ. ಇವರಿಬ್ಬರು ಮರಳಿ ಬಟ್ಟಲುಗಳ ಬಳಿಗೆ ಹೋದರು. ಕೋಶಕ್ಕೆ ತನ್ನೊಳಗೆ ಕೊಲೆಸ್ಟರಾಲ್ ಎಷ್ಟಿದೆಯೆಂಬುದು ತಿಳಿಯುವುದಾದರೂ ಹೇಗೆ? ಈ ಪ್ರಶ್ನೆಗೆ ಉತ್ತರ 1993ರಿಂದ ಮುಂದೆ ಒಂದೊಂದಾಗಿ ಬಿಚ್ಚಿಕೊಂಡಿತು. ಕೋಶದ ಒಳಗಿನ ಪೊರೆಯೊಂದಕ್ಕೆ ಕಟ್ಟಿಹಾಕಿದಂತೆ ಒಂದು ಪ್ರೋಟೀನು ಇದೆ. ಕೊಲೆಸ್ಟರಾಲ್ ಸಾಕಷ್ಟಿರುವಾಗ ಅದು ಅಲ್ಲಿಯೇ ಇರುತ್ತದೆ. ಕಡಿಮೆಯಾಯಿತೋ, ಅದನ್ನು ಇನ್ನೊಂದು ಎಡೆಗೆ ಸಾಗಿಸಿ ಎರಡು ಕಡೆ ಕತ್ತರಿಸಲಾಗುತ್ತದೆ. ಕತ್ತರಿಸಿದ ತುಂಡು ಕೋಶದ ಗರ್ಭಕ್ಕೆ ಹೋಗಿ ಗ್ರಾಹಕದ ವಂಶವಾಹಿಯನ್ನೂ ರಿಡಕ್ಟೇಸಿನ ವಂಶವಾಹಿಯನ್ನೂ ಎಬ್ಬಿಸುತ್ತದೆ. ಪಾರಿತೋಷಕ ತಂದ ಕೆಲಸಕ್ಕಿಂತ ಇದು ಕಿರಿದೆಂದು ನನಗೆ ಅನ್ನಿಸುವುದಿಲ್ಲ. ಇವರು ಲೇಖನಗಳನ್ನು ಜೊತೆಯಲ್ಲಿಯೇ ಬರೆಯುತ್ತಿದ್ದರು. ಜೊತೆಗಾರರು ತಮಾಷೆಗೆ ಇಬ್ಬರ ಹೆಸರನ್ನೂ ಸಂಧಿ ಮಾಡಿ 'ಬ್ರೌನ್‌ಸ್ಟೈನ್' ಎಂದು ಕರೆಯುತ್ತಿದ್ದರಂತೆ. ಲೋಪಸಂಧಿಯೋ ಆದೇಶಸಂಧಿಯೋ ನೀವೇ ಯೋಚಿಸಿ.

ಅದೇ ಡಲ್ಲಾಸಿನ ವಿದ್ಯಾಲಯದಲ್ಲಿ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೊಹೆನ್ ಎಂಬುವರು ಮುಂದೆ ಇನ್ನೊಂದು ಹೆಜ್ಜೆ ಇಟ್ಟರು. ಗ್ರಾಹಕಗಳನ್ನು ನಾಶಮಾಡುವ ಒಂದು ಪ್ರೋಟೀನು ನಮ್ಮ ರಕ್ತದಲ್ಲಿದೆ. ಅದು ಅತಿಯಾದ ಕುಟುಂಬಗಳನ್ನು ಫ್ರಾನ್ಸಿನಲ್ಲಿ 2003ರಲ್ಲಿ ಗುರುತಿಸಿದ್ದರು. ಹಾಗಾದರೆ ಅದು ಹುಟ್ಟಿನಿಂದಲೇ ಕೆಟ್ಟಿರುವವರು ಹೇಗಿದ್ದಾರೆ ಎಂದು ಇವರು ಹುಡುಕಿದರು. ಅಂಥ ದೋಷವಿದ್ದ ಕರಿಯ ಜನಾಂಗದ ಅಮೆರಿಕನರಲ್ಲಿ ಎಲ್.ಡಿ.ಎಲ್. ಶೇಕಡ 28ರಷ್ಟು ಕಡಿಮೆ, ಹೃದ್ರೋಗ ಶೇಕಡ 88ರಷ್ಟು ಕಡಿಮೆಯೆಂದು 2006ರಲ್ಲಿ ವರದಿಯಾಯಿತು. ಹುಟ್ಟಿನಿಂದಲೇ ಸ್ವಲ್ಪ ಕಡಿಮೆಯಿರುವುದು ಮುಪ್ಪಿನಲ್ಲಿ ಬಹಳ ಕಡಿಮೆ ಮಾಡುವುದಕ್ಕಿಂತ ಮೇಲು ಎಂಬ ಮಾತಿಗೆ ಇದು ಆಧಾರವಾಯಿತು. ಆ ಪ್ರೋಟೀನನ್ನು ಹಿಡಿದು ನಿಲ್ಲಿಸುವ ಚುಚ್ಚುಮದ್ದು 2015ರಿಂದ ಬಳಕೆಯಲ್ಲಿದೆ.

ಹಾಗೆಂದು ನಾನು ತುಪ್ಪದ ವಕಾಲತ್ತು ವಹಿಸಿಕೊಂಡಿದ್ದೇನೆಂದು ತಿಳಿಯಬೇಡಿ. ಬೆಣ್ಣೆ ತುಪ್ಪಗಳಲ್ಲಿರುವಂಥ ಕೊಬ್ಬು ಅತಿಯಾದರೆ ಆರೋಗ್ಯವಂತರಲ್ಲಿಯೂ ಯಕೃತ್ತಿನ ಗ್ರಾಹಕಗಳು ಕಡಿಮೆಯಾಗುತ್ತವೆ. ವೈದ್ಯರು ಹೇಳುವ ಪಥ್ಯ ಸುಮ್ಮನೆ ಹೇಳುವುದಲ್ಲ. ಆದರೆ ಗ್ರಾಹಕಗಳು ಅರ್ಧಕ್ಕರ್ಧ ಇಲ್ಲದೆಯೇ ಹುಟ್ಟಿದವನಿಗೆ ಆಗುವುದೇ ಬೇರೆ. ಅಂಥವರು ಐನೂರಕ್ಕೆ ಒಬ್ಬರೆಂದು ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಲೆಕ್ಕ ಹಾಕಿದ್ದರು. ಈಗಿನ ಲೆಕ್ಕದಲ್ಲಿ ಸುಮಾರು ಇನ್ನೂರೈವತ್ತಕ್ಕೆ ಒಬ್ಬರು. ನಮ್ಮದೊಂದು ಸಾಧಾರಣ ತಾಲ್ಲೂಕು ಪಟ್ಟಣದಲ್ಲಿ ಎಷ್ಟು ಮಂದಿಯಾದರೆಂದು ಎಣಿಸಿ ನೋಡಿ. ಅವರಲ್ಲಿ ಬಹುಮಂದಿಗೆ ತಮ್ಮ ವಿಷಯ ತಿಳಿದೇ ಇಲ್ಲ.

ಅಣ್ಣನಿಗಿದ್ದುದು ಇದೇ ಎಂದು ನಾನು ಸಾಧಿಸಿ ತೋರಿಸಲಾರೆ. ಅವರ ರಕ್ತವನ್ನು ಯಾರೂ ಪರೀಕ್ಷಿಸಿರಲಿಲ್ಲ. ಆದರೆ ಆ ಪುಸ್ತಕದಲ್ಲಿ ಹಿಮ್ಮಡಿಯ ದಪ್ಪ ನರದ ಚಿತ್ರವನ್ನು ಕಂಡ ವಾರದಲ್ಲಿಯೇ ಅಣ್ಣನ ಮಗಳಿಗೆ ಕಾಗದ ಬರೆದೆ. ಅವಳ ಕೊಲೆಸ್ಟರಾಲ್ 340 ಇದ್ದಿತು. ನನ್ನದು 180. ತಂದೆಯಿಂದ ಮಕ್ಕಳಿಗೆ ಬರುವ ಸಂಭವ ಅರ್ಧಕ್ಕರ್ಧ. ಒಡಹುಟ್ಟಿದವರಲ್ಲಿ ಒಬ್ಬನಿಗೆ ಬಂದು ಇನ್ನೊಬ್ಬನಿಗೆ ತಪ್ಪುವುದಕ್ಕೆ ಪುಣ್ಯಪಾಪಗಳ ಕಾರಣ ಬೇಕಿಲ್ಲ. ಅವಳು ಅಂದಿನಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಅವಳಿಗೀಗ ಐವತ್ತು ದಾಟಿದೆ.

ಹೋದ ಬೇಸಗೆಯಲ್ಲಿ ಊರಿಗೆ ಹೋಗಿದ್ದಾಗ ಇದನ್ನೆಲ್ಲ ಅತ್ತಿಗೆಯವರಿಗೆ ವಿವರವಾಗಿ ಹೇಳಿದೆ: ಬಾಗಿಲು, ಬೀಸುಕಲ್ಲು, ಆ ಇಬ್ಬರು ವೈದ್ಯರು, ಎಲ್ಲವನ್ನೂ. ಎಪ್ಪತ್ತೈದರ ಮುದುಕಿ ಅವರೆಕಾಯಿ ಸುಲಿಯುತ್ತ ಕೇಳಿದರು. ತುಪ್ಪದ ಮಾತನ್ನು ನಾನೇ ಎತ್ತಿದೆ, ನಲವತ್ತು ವರ್ಷ ತಡವಾಗಿ. ಅವರು ಅದಕ್ಕೆ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಮೊಮ್ಮಗನಿಗೂ ನೋಡಿಸಿದೀರೇನಪ್ಪಾ?" ಎಂದರು.

ನೋಡಿಸಿದ್ದೇವೆ. ಅವನಿಗೂ ಬಂದಿದೆ. ಇಪ್ಪತ್ತನಾಲ್ಕು ವರ್ಷದ ಹುಡುಗ. ರಾತ್ರಿ ಊಟವಾದ ಮೇಲೆ ತಾಯಿಯೂ ಮಗನೂ ಒಂದೇ ಡಬ್ಬಿಯಿಂದ ಮಾತ್ರೆ ತೆಗೆದುಕೊಳ್ಳುತ್ತಾರೆ.